ಎಡಗಡೆ ಎರಡು ಬೆರಳು ಸಡಿಲ

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಶಬ್ದ ಯಾವುದೆಂದು ಕೇಳಿದರೆ ತಡವರಿಸದೆ ಹೇಳುತ್ತೇನೆ: ‘ಇಲ್ಲ’. ಮೊದಮೊದಲು ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದೆ, ಆಮೇಲೆ ಸರ್ಕಾರ ಕೊಟ್ಟ ಟ್ಯಾಬಿನಲ್ಲಿ ಬೆರಳಿನಿಂದ ಒತ್ತಿದೆ. ಕೆಮ್ಮು ಇಲ್ಲ, ಜ್ವರ ಇಲ್ಲ, ಎದೆಯಲ್ಲಿ ಗಂಟು ಇಲ್ಲ. ಈ ಕೊನೆಯ ‘ಇಲ್ಲ’ದ ಬಗ್ಗೆ ಬರೆಯಲು ಕುಳಿತಿದ್ದೇನೆ. ನಿವೃತ್ತಿಯಾದ ಮೇಲೆ ವಿಜಯಪುರದ ಜಲನಗರದ ನಮ್ಮ ಮನೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಆಗೀಗ ಬರುತ್ತಾರೆ. ‘ಅಕ್ಕಾರ, ಹಳ್ಳ್ಯಾಗ ಹೆಂಗ ಮಾಡ್ತಿದ್ರಿ ಹೇಳ್ರಿ’ ಎಂದು ಕೇಳುತ್ತಾರೆ. ಬಂದವರಿಗೆಲ್ಲ ಚಹಾ ಕೊಟ್ಟು ಇದೇ ಕಥೆ ಹೇಳಿ ಹೇಳಿ ನಮ್ಮ ಯಜಮಾನರಿಗೆ ಅದು ಬಾಯಿಪಾಠವಾಗಿದೆ. ‘ಒಮ್ಮೆ ಬರದ ಇಟ್ಟಬಿಡು, ನನಗರ ಬಿಡುಗಡಿ ಸಿಗತೈತಿ’ ಎಂದರು. ಅವರ ಬಿಡುಗಡೆಗಾಗಿ ಈ ಬರಹ.

ಯಾವಾಗ ಬಡ್ತಿ ಸಿಕ್ಕಿತು, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಓದಿ ಕೆಲಸ ಕಲಿತವರನ್ನು ನಾನು ಕಂಡಿಲ್ಲ. ಊರವರಿಗೆ ನಾನು ಮೊದಲ ದಿನದಿಂದ ಕೊನೆಯ ದಿನದವರೆಗೆ ‘ನರ್ಸಬಾಯಿ’ ಆಗಿದ್ದೆ, ಅಷ್ಟೇ. ಕೊನೆಯ ಏಳೆಂಟು ವರ್ಷ ತಿಕೋಟಾ, ಬಬಲೇಶ್ವರ ಕಡೆ ಇದ್ದೆ. ನನಗೊಂದು ಕೆಟ್ಟ ಚಟ. ಯಾರಾದರೂ ಏನಾದರೂ ಅಂದರೆ ‘ಯಾಕೆ’ ಎಂದು ಕೇಳದೆ ಇರಲಾಗುವುದಿಲ್ಲ. ಚಿಕ್ಕಂದಿನಲ್ಲಿ ಇದಕ್ಕಾಗಿ ಅವ್ವನಿಂದ ಪೆಟ್ಟು ತಿಂದಿದ್ದೇನೆ. ನೌಕರಿಯಲ್ಲಿ ಮಾತ್ರ ಎಲ್ಲಿ ಕೇಳಬೇಕಿತ್ತೋ ಅಲ್ಲೇ ಕೇಳದೆ ಹೋದೆ. ಅದೇ ಈ ಕಥೆ.

ಮೂವತ್ತು ದಾಟಿದ ಹೆಂಗಸರ ಬಿ.ಪಿ., ಸಕ್ಕರೆ ನೋಡಬೇಕು, ಬಾಯಿ, ಎದೆ, ಗರ್ಭಕೋಶದ ಕ್ಯಾನ್ಸರಿನ ತಪಾಸಣೆಯನ್ನೂ ಮಾಡಬೇಕು ಎಂಬ ಆದೇಶ ಬಂದಾಗ ನಾವೆಲ್ಲ ಹುರುಪಿನಿಂದಲೇ ಮನೆ ಮನೆ ತಿರುಗಿದೆವು. ನನ್ನ ಜೊತೆ ತಿಕೋಟಾದ ಆಶಾ ಕಾರ್ಯಕರ್ತೆ ರೇಣುಕಾ ಇರುತ್ತಿದ್ದಳು. ಗಟ್ಟಿ ದನಿಯ, ಚುರುಕು ಕಾಲಿನ ಹೆಣ್ಣುಮಗಳು. ಟ್ಯಾಬಿನಲ್ಲಿ ಎದೆಯ ಬಗ್ಗೆ ಇದ್ದದ್ದು ಉದ್ದನೆಯ ಪ್ರಶ್ನೆ: ಗಂಟು ಇದೆಯೇ, ಚರ್ಮ ಒಳಕ್ಕೆ ಸೆಳೆದಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ. ಅಷ್ಟೆಲ್ಲ ಹೊಸ್ತಿಲಲ್ಲಿ ನಿಂತು ಕೇಳುವುದು ಹೇಗೆ? ಒಳಗೆ ಅತ್ತೆ ಕುಳಿತಿರುತ್ತಾಳೆ, ಅಂಗಳದಲ್ಲಿ ಮಾವ ಎಲೆ ಅಡಿಕೆ ಹಾಕುತ್ತಿರುತ್ತಾನೆ. ಹಾಗಾಗಿ ನಾವು ಅದನ್ನು ಮೊಟಕು ಮಾಡಿಕೊಂಡೆವು. ದನಿ ತಗ್ಗಿಸಿ, ಕೈಯಿಂದ ಎದೆಯ ಕಡೆ ತೋರಿಸಿ, ‘ಏನರ ತ್ರಾಸ ಐತೇನ ಯವ್ವಾ ಇಲ್ಲೆ?’ ಎನ್ನುತ್ತಿದ್ದೆವು. ಅವರು ‘ಇಲ್ರಿ’ ಎನ್ನುತ್ತಿದ್ದರು. ನಾವು ಒತ್ತುತ್ತಿದ್ದೆವು.

ಇನ್ನೊಂದು ಗುಟ್ಟೂ ಹೇಳಿಬಿಡುತ್ತೇನೆ. ‘ಹೌದು’ ಎಂದು ಒತ್ತಿದರೆ ಟ್ಯಾಬಿನಲ್ಲಿ ಮತ್ತೆ ಐದಾರು ಪ್ರಶ್ನೆ ತೆರೆಯುತ್ತಿದ್ದವು, ಎಲ್ಲಿಗೆ ಕಳಿಸಿದಿರಿ, ಯಾವಾಗ ಕಳಿಸಿದಿರಿ ಎಂದು. ‘ಇಲ್ಲ’ ಎಂದರೆ ಸೀದಾ ಮುಂದಿನ ಮನೆ. ತಾಲ್ಲೂಕಿನ ಸಾಹೇಬರು ಪ್ರತಿ ಸಭೆಯಲ್ಲಿ, ‘ನೂರಕ್ಕ ನೂರು ಆಗಬೇಕು ನೋಡ್ರಿ, ಉಳದದ್ದು ನನಗ ಹೇಳಬ್ಯಾಡ್ರಿ’ ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಅವರ ಮೇಲಿನವರು ಅವರಿಗೆ ಅದನ್ನೇ ಹೇಳುತ್ತಿದ್ದರು. ನನ್ನ ಪಾಲಿನ ಊರುಗಳಲ್ಲಿ ನೂರಕ್ಕೆ ನೂರು ಆಯಿತು. ಸಭೆಯಲ್ಲಿ ನನ್ನನ್ನು ಎಬ್ಬಿಸಿ ಚಪ್ಪಾಳೆ ತಟ್ಟಿಸಿದರು. ನಾನೂ ನಾಚಿಕೊಂಡು ಕೈಮುಗಿದೆ.

ಆ ಚಪ್ಪಾಳೆಯ ಬಿಸಿ ಆರುವ ಮೊದಲೇ ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರ್ ಮೇಡಂ ಬಂದರು. ಮೈಸೂರು ಕಡೆಯವರು, ನನ್ನ ಮಗಳ ವಯಸ್ಸು. ಮಾತು ಮೆತ್ತಗೆ, ಪ್ರಶ್ನೆ ಮಾತ್ರ ಮೊಳೆ ಹೊಡೆದ ಹಾಗೆ. ನನ್ನ ಪಟ್ಟಿಯನ್ನು ಪೂರ್ತಿ ನೋಡಿ, ‘ಸಿಸ್ಟರ್, ಒಬ್ಬರಿಗೂ ಗಂಟು ಇಲ್ವಲ್ಲ! ಇದರಲ್ಲಿ ಎಷ್ಟು ಜನರನ್ನ ಕೈಯಿಂದ ಮುಟ್ಟಿ ನೋಡಿದೀರಿ?’ ಎಂದರು.

ರೇಣುಕಾ ಬಾಗಿಲ ಕಡೆ ನೋಡತೊಡಗಿದಳು.

ಮೇಡಂ ಬೈಯಲಿಲ್ಲ. ಮರುದಿನ ಮನೆಯಿಂದ ಒಂದು ಡಬ್ಬಿಯಲ್ಲಿ ಗೋಧಿ ಹಿಟ್ಟಿನ ಕಣಕ ಕಲಸಿಕೊಂಡು ಬಂದರು. ಅದರೊಳಗೆ ಒಂದು ಹುಣಸೆ ಬೀಜ, ಒಂದು ಕಡಲೆಕಾಳು, ಒಂದು ಒಣದ್ರಾಕ್ಷಿ ಅಡಗಿಸಿ ಮೇಲೆ ತೆಳು ಬಟ್ಟೆ ಹೊದಿಸಿದ್ದರು. ‘ಹುಡುಕಿ’ ಎಂದರು. ನಾನು ತೋರುಬೆರಳ ತುದಿಯಿಂದ ಅಲ್ಲಲ್ಲಿ ಚುಚ್ಚಿ ಹುಣಸೆ ಬೀಜವನ್ನೂ ಕಡಲೆಯನ್ನೂ ಹಿಡಿದೆ. ದ್ರಾಕ್ಷಿ ಸಿಗಲಿಲ್ಲ. ರೇಣುಕಾ ಒಂದೇ ಸುತ್ತಿಗೆ ಮೂರನ್ನೂ ಹಿಡಿದಳು. ‘ಮೂವತ್ತ ವರ್ಷ ಸರ್ವಿಸ್ ಅಂತೀರಿ, ದ್ರಾಕ್ಷಿನ ಬಿಟ್ರೆಲ್ಲ ಬಾಯಾರ!’ ಎಂದು ಇಡೀ ದಿನ ಆಡಿಕೊಂಡಳು. ಬೆರಳ ತುದಿಯಿಂದ ಚುಚ್ಚಬಾರದು, ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕಬೇಕು, ಮೊದಲು ಹಗುರ, ಆಮೇಲೆ ಮಧ್ಯಮ, ಆಮೇಲೆ ಒತ್ತಿ, ಒಂದಿಷ್ಟೂ ಜಾಗ ಬಿಡದೆ ಕಂಕುಳವರೆಗೆ ಹೋಗಬೇಕು. ಇದನ್ನು ಮೂವತ್ತು ವರ್ಷದ ಮೇಲೆ ಕಣಕದ ಉಂಡೆಯಲ್ಲಿ ಕಲಿತೆ. ಒಂದು ತಿಂಗಳು ನಮ್ಮ ಮನೆಯಲ್ಲಿ ಚಪಾತಿ ಹಿಟ್ಟಿಗೆ ಸಮಾಧಾನವಿರಲಿಲ್ಲ.

ಕೈ ತಯಾರಾಯಿತು. ಆದರೆ ಮುಟ್ಟಿಸಿಕೊಳ್ಳುವವರು ಎಲ್ಲಿ? ಬಬಲೇಶ್ವರದಲ್ಲಿ ದೊಡ್ಡ ಶಿಬಿರ ಮಾಡಿದೆವು. ಅದರ ಯೋಜನೆ ಪೂರ್ತಿ ನನ್ನದೇ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ರಸ್ತೆಗೆ ಅಡ್ಡಲಾಗಿ ‘ಸ್ತನ ಕ್ಯಾನ್ಸರ್ ತಪಾಸಣಾ ಶಿಬಿರ’ ಎಂದು ಆಳೆತ್ತರದ ಅಕ್ಷರದ ಬ್ಯಾನರ್ ಕಟ್ಟಿಸಿದೆ. ಹಿಂದೆ ಪರದೆ, ಮಂಚ, ಎಲ್ಲ ವ್ಯವಸ್ಥೆ. ಹೆಂಗಸರು ರಸ್ತೆಯ ತುದಿಯವರೆಗೆ ಬರುತ್ತಿದ್ದರು, ಬ್ಯಾನರ್ ನೋಡುತ್ತಿದ್ದರು, ಸೆರಗು ಎಳೆದುಕೊಂಡು ಇನ್ನೊಂದು ಓಣಿಗೆ ಹೊರಳುತ್ತಿದ್ದರು. ಸಂಜೆಯವರೆಗೆ ಬಂದವರು ಗಂಡಸರು, ಬಿ.ಪಿ. ನೋಡಿಸಿಕೊಂಡು ಹೋದರು. ಒಬ್ಬ ಗೌಡರು ‘ಹೆಂಗೂ ಡಾಕ್ಟರ್ ಬಂದೀರಿ’ ಎಂದು ನೋಯುವ ಹಲ್ಲು ತೋರಿಸಿದರು.

ಸುಮ್ಮನಿರಲಾಗದೆ ಹಾದು ಹೋಗುತ್ತಿದ್ದ ಒಬ್ಬ ಮುದುಕಿಯ ಹಿಂದೆ ಹೋಗಿ ಕೇಳಿದೆ: ‘ಯಾಕ ಬೇ ಅಜ್ಜಿ, ಒಳಗ ಬರವಲ್ರಿ?’

ಆಕೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ನಿನಗ ಬುದ್ಧಿ ಐತೇನ ತಂಗಿ? ಅಷ್ಟ ದೊಡ್ಡ ಅಕ್ಷರದಾಗ ಕ್ಯಾನ್ಸರ್ ಅಂತ ಬರಸಿ. ಆ ಪಡದಿ ಹಿಂದ ನಾ ಹೋಗಿ ಬಂದದ್ದ ಊರ ಮಂದಿ ನೋಡಿದ್ರ, ನಾಳಿ ನನ್ನ ಮೊಮ್ಮಗಳನ್ನ ಯಾರ ಮಾಡಕೋತಾರ?’

ಇಷ್ಟು ಸರಳ ಮಾತು ನಮ್ಮ ಒಂದು ಸಭೆಯಲ್ಲೂ ಬಂದಿರಲಿಲ್ಲ. ಬ್ಯಾನರ್ ಬಿಚ್ಚಿಸಿದೆ. ಅದು ಆಮೇಲೆ ಕೇಂದ್ರದ ಹಳೆ ಕುರ್ಚಿಗಳ ಮೇಲೆ ಧೂಳು ಬೀಳದಂತೆ ಮುಚ್ಚಲು ಉಪಯೋಗವಾಯಿತು.

ಮುಂದೆ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಿಗೆ ಹೋಗತೊಡಗಿದೆವು. ಹಂಗಾಮಿನಲ್ಲಿ ಅಲ್ಲಿ ಹೆಂಗಸರು ಸಾಲಾಗಿ ಕುಳಿತು ದ್ರಾಕ್ಷಿ ಆರಿಸುತ್ತಾರೆ. ಅವರ ಕಣ್ಣು ಮಾತಿನ ಕಡೆ ಇರುತ್ತದೆ, ಬೆರಳು ಮಾತ್ರ ಕಡ್ಡಿ, ಕಲ್ಲು, ಕೆಟ್ಟ ಕಾಯಿಯನ್ನು ತಾನಾಗಿ ಬೇರೆ ಮಾಡುತ್ತಿರುತ್ತದೆ. ಇಂಥ ಬೆರಳುಗಳಿಗೆ ನಾನು ಕಲಿಸುವುದೇನು ಎನ್ನಿಸಿತು. ‘ದ್ರಾಕ್ಷ್ಯಾಗ ಕಡ್ಡಿ ಹುಡುಕ್ತೀರೆಲ್ಲ, ತಿಂಗಳಿಗೊಮ್ಮೆ ಜಳಕ ಮಾಡೂಮುಂದ ನಿಮ್ಮ ಎದಿ ಹಂಗ ನೋಡಕೋರಿ, ಹೊಸಾದ ಏನರ ಕೈಗೆ ಹತ್ತಿದ್ರ ನನಗ ಹೇಳ್ರಿ’ ಎಂದರೆ ಎಲ್ಲರೂ ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕರು ಎಂದರೆ ಕಿವಿಗೆ ಹೋಯಿತು ಎಂದೇ ಅರ್ಥ. ಆದರೆ ಶೆಡ್ಡಿನಲ್ಲಿ ಪರೀಕ್ಷೆ ಮಾಡಲು ಮರೆ ಎಲ್ಲಿದೆ? ಒಬ್ಬಳು ಎದ್ದು ಹೋದರೆ ನಲವತ್ತು ಕಣ್ಣು ಹಿಂದೆ ಹೋಗುತ್ತವೆ.

ಮನೆ ಮನೆ ತಿರುಗುವಾಗ ಒಮ್ಮೆ ಕಂಡಿದ್ದ ನೀಲವ್ವನನ್ನು ಅಲ್ಲಿಯೇ ಎರಡನೆಯ ಸಲ ನೋಡಿದ್ದು. ಐವತ್ತೆರಡರ ಹೆಣ್ಣುಮಗಳು, ಮಾತು ಕಡಿಮೆ, ಕೆಲಸ ಚೊಕ್ಕ. ‘ಕೇಂದ್ರಕ್ಕ ಬರ್ರಿ, ಒಮ್ಮೆ ನೋಡತೀನಿ’ ಎಂದಾಗ ತಲೆ ಎತ್ತದೆ, ‘ನಂದ ಬರಕೊಂಡ ಹೋಗೀರಲ್ರಿ ಬಾಯಾರ, ಏನೂ ಇಲ್ಲಂತ’ ಎಂದಳು. ಹೌದು, ಬರೆದುಕೊಂಡಿದ್ದೆ. ನಾನೇ ಬರೆದದ್ದನ್ನು ನಾನೇ ಇಲ್ಲವೆನ್ನುವುದು ಹೇಗೆ? ಮುಂದಿನ ಸಾಲಿಗೆ ಹೋದೆ.

ಮರೆಯ ಚಿಂತೆಯನ್ನು ಬಿಡಿಸಿದವಳು ಹಸೀನಾ. ತಿಕೋಟಾದಲ್ಲಿ ಹೆಂಗಸರ ರವಿಕೆ, ನಮ್ಮ ಕಡೆಯ ಮಾತಿನಲ್ಲಿ ಜಂಪರ್, ಹೊಲಿಯುವವಳು. ಮನೆಯ ಮುಂದಿನ ಖೋಲಿಯೇ ಅಂಗಡಿ. ಅದರ ಮೂಲೆಯಲ್ಲಿ ಹಾಕಿಕೊಂಡು ನೋಡಲು ಒಂದು ಪರದೆ. ಎಲ್ಲ ಜಾತಿಯ, ಎಲ್ಲ ಓಣಿಯ ಹೆಂಗಸರೂ ಅಲ್ಲಿಗೆ ಬರುತ್ತಾರೆ, ಒಬ್ಬರೂ ‘ಯಾಕೆ ಹೋಗಿದ್ದೆ’ ಎಂದು ಕೇಳುವುದಿಲ್ಲ. ನಾನೂ ನನ್ನ ಜಂಪರಿನ ತೋಳು ಬಿಚ್ಚಿಸಲು ಹೋಗಿದ್ದೆ. ಆ ಪರದೆಯನ್ನು ನೋಡುತ್ತ ನಿಂತಾಗ ತಲೆಯಲ್ಲಿ ದೀಪ ಹತ್ತಿತು. ‘ಹಸೀನಾ, ವಾರಕ್ಕ ಒಂದ ಮಧ್ಯಾಹ್ನ ಈ ಪಡದಿ ನನಗ ಕೊಡವಾ’ ಎಂದೆ. ಆಕೆ ಬಾಯಲ್ಲಿದ್ದ ಸೂಜಿ ತೆಗೆದು, ‘ನೀವ ಏನ ಹೊಲೀತೀರಿ ಅಕ್ಕಾ?’ ಎಂದು ನಕ್ಕಳು. ವಿಷಯ ಹೇಳಿದಾಗ ನಗು ನಿಂತಿತು. ‘ತಗೋರಿ. ಗಂಡಸರು ನನ್ನ ಬಾಗಲಾ ದಾಟೂದಿಲ್ಲ’ ಎಂದಳು.

ಅದು ನಡೆಯಿತು ನೋಡಿ! ಬ್ಯಾನರ್ ಇಲ್ಲ, ಮೈಕ್ ಇಲ್ಲ. ‘ಜಂಪರ್ ಅಳತಿ ಕೊಟ್ಟ ಬರತೀನಿ’ ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದರು. ಹಸೀನಾಳ ಮಷೀನಿನ ಸದ್ದು ನಮ್ಮ ಮಾತನ್ನು ಹೊರಗೆ ಬಿಡುತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಇಬ್ಬರಿಗೆ ಗಂಟು ಸಿಕ್ಕಿತು. ವಿಜಯಪುರಕ್ಕೆ ಕಳಿಸಿ ನೋಡಿಸಿದರೆ ಎರಡೂ ಸಾಮಾನ್ಯದ್ದು, ಹೆದರಬೇಕಾದ್ದಲ್ಲ. ಆ ಇಬ್ಬರೂ ವಾಪಸು ಬಂದು ಓಣಿಯಲ್ಲಿ ಹೇಳಿದ ಮಾತು ನನ್ನ ನೂರು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು. ತಾಲ್ಲೂಕಿನ ಸಾಹೇಬರು ಒಮ್ಮೆ, ‘ತಪಾಸಣೆ ನಡೆದ ಸ್ಥಳ ಅಂತಿರುವಲ್ಲಿ ಟೇಲರ್ ಅಂಗಡಿ ಅಂತ ಬರದೀರಲ್ಲ, ಇದನ್ನ ನಾ ಹೆಂಗ ಮ್ಯಾಲೆ ಕಳಸಲಿ?’ ಎಂದು ತಲೆ ಕೆರೆದುಕೊಂಡರು. ಕೊನೆಗೆ ಅವರೇ ‘ಸಮುದಾಯ ಸ್ಥಳ’ ಎಂದು ತಿದ್ದಿದರು.

ಹಸೀನಾಳದ್ದೊಂದು ಕಟ್ಟುನಿಟ್ಟು ಇತ್ತು. ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಆಡುತ್ತಿರಲಿಲ್ಲ. ತನ್ನ ತಾಯಿಯೂ ಹೊಲಿಯುತ್ತಿದ್ದಳಂತೆ. ಅಳತೆ ಹೇಳಿದ ಬಾಯಿಗೆ ಬರಕತ್ತು ಇರುವುದಿಲ್ಲ ಎಂದು ಅವಳಿಂದ ಕಲಿತದ್ದಂತೆ. ನಾನು ಚಟ ತಡೆಯದೆ, ‘ಯಾರದಾರ ಅಳತಿ ಒಂದ ಕಡೆ ಬ್ಯಾರೆ ಆದದ್ದು ನಿನಗ ಗೊತ್ತಾಗೂದಿಲ್ಲೇನು?’ ಎಂದು ಕೇಳಿದೆ. ಆಕೆ ಮಷೀನು ತುಳಿದಳು.

ಮುಂದಿನ ವಾರ ನಾನು ಹೊರಡುವಾಗ ಒಂದು ಹೊಲಿದ ಜಂಪರನ್ನು ನನ್ನ ಕೈಗಿಟ್ಟಳು. ‘ಇದು ನೀಲವ್ವಂದು. ಮುಟ್ಟಸ್ತೀರೇನ್ರಿ? ಹಾಕ್ಕೊಂಡ ನೋಡಂತ ಹೇಳ್ರಿ. ಕೂಡತೈತೋ ಇಲ್ಲೋ, ನೀವ ಎದುರಿಗಿದ್ದ ನೋಡ್ರಿ.’

‘ಆಕಿನ ಬಂದ ಒಯ್ಯತಾಳಲ್ಲ?’

‘ನೀವ ಒಯ್ಯರಿ ಅಕ್ಕಾ,’ ಎಂದಳು, ನನ್ನ ಮುಖ ನೋಡದೆ.

ದಾರಿಯಲ್ಲಿ ನಿಂತು ಆ ಜಂಪರನ್ನು ಬಿಡಿಸಿ ನೋಡಿದೆ. ಬಲಗಡೆಗಿಂತ ಎಡಗಡೆ ಎರಡು ಬೆರಳು ಸಡಿಲ ಬಿಟ್ಟು ಹೊಲಿದಿತ್ತು. ಹಸೀನಾ ಹೊಲಿಗೆಯಲ್ಲಿ ಹೀಗೆ ತಪ್ಪುವವಳಲ್ಲ. ನೀಲವ್ವನೇ ಹೇಳಿ ಮಾಡಿಸಿದ್ದು. ಆಕೆ ತನ್ನ ಬಾಯಿ ಕೆಡಿಸಿಕೊಳ್ಳದೆ ನನಗೆ ಹೇಳಬೇಕಾದ್ದನ್ನು ಹೇಳಿದ್ದಳು. ನೀಲವ್ವನ ಹೆಸರಿನ ಮುಂದೆ ನಾನು ಒತ್ತಿದ ‘ಇಲ್ಲ’ ನೆನಪಾಗಿ ಜಂಪರನ್ನು ಮಡಚಿಕೊಂಡು ಬೇಗ ಬೇಗ ನಡೆದೆ.

ನೀಲವ್ವನ ಮನೆಯಲ್ಲಿ ಆಗ ಆಕೆಯೊಬ್ಬಳೇ ಇದ್ದಳು. ಜಂಪರ್ ಕೊಟ್ಟೆ. ‘ಹಾಕ್ಕೊಂಡ ತೋರಸ್ರಿ, ಹಸೀನಾ ಕೇಳ್ಯಾಳ’ ಎಂದೆ. ಆಕೆ ಬಹಳ ಹೊತ್ತು ಅದನ್ನು ಮಡಚುತ್ತ ಬಿಚ್ಚುತ್ತ ಕುಳಿತಳು. ಆಮೇಲೆ ತಾನೇ ಎದ್ದು ಬಾಗಿಲು ಮುಚ್ಚಿದಳು. ಕಣಕದಲ್ಲಿ ಕಲಿತ ಬೆರಳುಗಳು ಎಡ ಎದೆಯ ಮೇಲ್ಭಾಗದಲ್ಲಿ ಒಂದು ಕಡೆ ನಿಂತವು. ಗಟ್ಟಿ, ಅಂಚು ಒರಟು. ಕಂಕುಳಲ್ಲಿ ಏನೂ ಸಿಗಲಿಲ್ಲ.

‘ಯಾವಾಗಿಂದ ಐತ್ರಿ ಇದು?’

‘ಒಂದ ವರ್ಷ ಆಗಾಕ ಬಂತ್ರಿ.’

‘ಮತ್ತ ನಾ ಕೇಳಿದಾಗ ಇಲ್ಲಂದ್ರಿ?’

ಆಕೆಗೆ ನಿಜವಾಗಿಯೂ ಆಶ್ಚರ್ಯವಾಯಿತು. ‘ನೀವ ತ್ರಾಸ ಐತೇನಂತ ಕೇಳಿದ್ರಿ. ತ್ರಾಸ ಇಲ್ಲಲ್ರಿ. ಬ್ಯಾನಿ ಇಲ್ಲ, ಏನಿಲ್ಲ. ಸುಮ್ನ ಕುಂತೈತಿ.’

ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ ಎಂಬುದು ಪಾಠದ ಮೊದಲ ಸಾಲು. ಅದು ನನಗೆ ಗೊತ್ತಿತ್ತು, ಅವಳಿಗಲ್ಲ. ಗೊತ್ತಿದ್ದವಳು ನೋವಿನ ಪ್ರಶ್ನೆ ಕೇಳಿದೆ. ಗೊತ್ತಿಲ್ಲದವಳು ಸತ್ಯವನ್ನೇ ಹೇಳಿದಳು. ಆ ಒಂದು ಮೊಟಕು ಪ್ರಶ್ನೆಯಿಂದ ಎಷ್ಟು ಮನೆಗಳಲ್ಲಿ ಎಷ್ಟು ‘ಇಲ್ಲ’ ಒತ್ತಿದ್ದೆನೋ! ಆ ವಾರದಿಂದಲೇ ನಾನೂ ರೇಣುಕಾಳೂ ಎಲ್ಲ ಮನೆಗಳನ್ನೂ ಮೊದಲಿನಿಂದ ತಿರುಗಿದೆವು. ಅದು ಬೇರೆ ಮಾತು.

‘ಒಂದ ವರ್ಷದಿಂದ ಯಾರಿಗೂ ಯಾಕ ಹೇಳಲಿಲ್ಲ ಯವ್ವಾ?’ ಎಂದು ಕೇಳಿದೆ. ಈ ಸಲ ಸರಿಯಾದ ಜಾಗದಲ್ಲಿ ‘ಯಾಕೆ’ ಬಂತು.

ನೀಲವ್ವ ಗೋಡೆಗೆ ಒರಗಿ ಕುಳಿತಳು. ‘ಅದು ಹಾಲ್ರಿ,’ ಎಂದಳು. ‘ನನ್ನ ಮಗಳ ಪಾಲಿನ ಹಾಲು. ಒತ್ತಿ ಹೋಗಬಾರದಂತ ಆ ಕಡೆ ಜಂಪರ ಸಡ್ಲ ಬಿಡಸೀನಿ.’

ಇಪ್ಪತ್ತಾರು ವರ್ಷದ ಹಿಂದೆ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ನಾಲ್ಕು ತಿಂಗಳದ್ದಾಗಿತ್ತು. ‘ಆವತ್ತ ದ್ರಾಕ್ಷಿ ತ್ವಾಟದಾಗ ದಿನಾ ಪೂರ್ತಿ ದುಡದ ಬಂದಿದ್ನಿ. ಕೂಸಿನ ಮಗ್ಗಲಕ ಹಾಕ್ಕೊಂಡ ಬಲಗಡಿ ಕುಡಸಿದ್ನಿ. ಎಡಗಡಿ ಹೊಳ್ಳಿಸ್ಕೊಂಡದ್ದ ನೆನಪೈತಿ. ಅಷ್ಟರಾಗ ನನಗ ನಿದ್ದಿ ಹತ್ತಿತು. ಆಕಿ ಕುಡದ್ಲೋ ಇಲ್ಲೋ ಗೊತ್ತಿಲ್ಲ. ಬೆಳಿಗ್ಗೆ ಎದ್ದ ನೋಡಿದ್ರ ಕೂಸು ತಣ್ಣಗಾಗಿತ್ತು.’ ಹೊಸ ಜಂಪರನ್ನು ಮಡಿಲಿಗೆ ಎಳೆದುಕೊಂಡಳು. ‘ಇಷ್ಟ ವರ್ಷ ಅದನ್ನ ಕೇಳಕೋತ ಬಂದೀನ್ರಿ, ಕುಡದ್ಲೋ ಇಲ್ಲೋ, ಕುಡದ್ಲೋ ಇಲ್ಲೋ ಅಂತ. ಹೋದ ವರ್ಷ ಇದು ಕೈಗೆ ಹತ್ತಿದಾಗ ತಿಳೀತು. ಕುಡದಿಲ್ಲ. ಹಸದ ಹೋಗ್ಯಾಳ. ಆಕಿ ಪಾಲು ಇಲ್ಲೇ ಉಳದೈತಿ.’

ಬಾಣಂತನ ಮುಗಿದ ಮೇಲೆ ‘ಹಾಲು ಕಟ್ಟಿದೆ’ ಎಂದು ಗಂಟನ್ನು ಕಡೆಗಣಿಸುವವರನ್ನು ನಾನು ನೋಡಿದ್ದೆ. ಇಪ್ಪತ್ತಾರು ವರ್ಷದ ಹಾಲಿನ ಮಾತು ಕೇಳಿದ್ದು ಅದೇ ಮೊದಲು. ಅವಳನ್ನು ಹೇಗಾದರೂ ವಿಜಯಪುರಕ್ಕೆ ಕರೆದೊಯ್ಯಬೇಕು ಎಂಬುದೊಂದೇ ತಲೆಯಲ್ಲಿತ್ತು. ಅಲ್ಲದೆ, ಆ ಮುಖ ನೋಡಿದ ಮೇಲೆ ಕ್ಯಾನ್ಸರ್ ಎಂಬ ಶಬ್ದ ನನ್ನ ಬಾಯಿಂದ ಬರುವಂತಿರಲಿಲ್ಲ. ‘ಇಷ್ಟ ವರ್ಷದ ಹಾಲು ಒಳಗ ಕೆಟ್ಟಿರತೈತಿ ನೀಲವ್ವಾ. ಕೆಟ್ಟದ್ದ ಇಟಗೋಬಾರದು. ನೋಡಿ ತಗಿಸೂಣು’ ಎಂದೆ. ಆಕೆ ಒಪ್ಪಿದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಕೆ, ಆಕೆಯ ಗಂಡ ಮಲ್ಲಪ್ಪ, ನಾನು ಬಸ್ಸಿನಲ್ಲಿ ವಿಜಯಪುರಕ್ಕೆ ಬಂದೆವು. ದೊಡ್ಡ ದವಾಖಾನೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುವ ಯಂತ್ರ ಎರಡು ಹಲಗೆಗಳ ನಡುವೆ ಒತ್ತಿ ಹಿಡಿಯುತ್ತದೆ. ಕೆಲವು ಕ್ಷಣ ತ್ರಾಸಾಗುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಯಂತ್ರದ ಹುಡುಗಿ ಹಲಗೆ ಇಳಿಸುವಾಗ ನೀಲವ್ವ ಆಕೆಯ ಕೈ ಹಿಡಿದು, ‘ಹಗೂರಕ ಒತ್ತವಾ ತಂಗಿ, ಹಾಲು ಬಂದೀತು’ ಎಂದಳು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಸೂಚನಾ ಫಲಕವನ್ನು ಓದುವವಳಂತೆ ನಿಂತೆ. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಗಂಟಿನ ಚೂರನ್ನೂ ತೆಗೆದರು.

ವರದಿ ಬಂದಾಗ ನಮ್ಮ ಡಾಕ್ಟರ್ ಮೇಡಂ ಎರಡು ಸಲ ಓದಿದರು. ಕ್ಯಾನ್ಸರ್ ಹೌದು. ಆದರೆ ಸಣ್ಣದು, ಬೇರೆಡೆ ಹರಡಿದ ಗುರುತಿಲ್ಲ. ‘ಈಗಲೇ ಆಪರೇಷನ್ ಆದರೆ ಗಂಟಷ್ಟೇ ತೆಗೆದು, ಆಮೇಲೆ ಕಿರಣ, ಮಾತ್ರೆ ಕೊಟ್ಟರೆ ಸಾಕಾಗಬಹುದು ಅಂತಾರೆ ಸರ್ಜನ್. ತಡ ಮಾಡೋದು ಬೇಡ ಸಿಸ್ಟರ್’ ಎಂದರು. ನಾನು ಹುರುಪಿನಿಂದ ತಿಕೋಟಾಕ್ಕೆ ಓಡಿದೆ.

ನೀಲವ್ವ ಬರಲಿಲ್ಲ.

‘ಸೂಜಿಲೆ ತಗದಾರಲ್ರಿ,’ ಎಂದಳು. ‘ಕೆಟ್ಟದ್ದ ಹೋತು. ಉಳದದ್ದ ಛಲೋ ಹಾಲು. ಅದ್ಯಾಕ ತಗೀಬೇಕ್ರಿ?’

ನಾನು ಹೇಳಿದ ಸುಳ್ಳನ್ನೇ ಹಿಡಿದು ಅವಳು ಬಾಗಿಲು ಮುಚ್ಚಿದ್ದಳು. ನಾಲ್ಕು ಸಲ ಹೋದೆ. ರೇಣುಕಾ ಹೋದಳು, ಗದರಿಸಿಯೂ ಬಂದಳು. ಮಲ್ಲಪ್ಪ ಕೈ ಹಿಸುಕಿಕೊಳ್ಳುತ್ತ, ‘ಆಕಿ ಒಪ್ಪವಲ್ಲಳ್ರಿ ಬಾಯಾರ, ಕೂಸಿನ ಹೆಸರ ತಗದ್ರ ನನಗೂ ಮಾತ ಬರೂದಿಲ್ಲ’ ಎಂದ. ಮೂರು ವಾರ ಹೋದವು. ಇದೆಲ್ಲ ಎಲ್ಲಿಂದ ಬಂತು ಎಂದು ಮೇಡಂ ಕೇಳಿದಾಗ ನಡೆದದ್ದನ್ನು ಒಪ್ಪಿಕೊಂಡೆ. ಅವರು ಮೊದಲ ಸಲ ನನ್ನ ಮೇಲೆ ದನಿ ಎತ್ತಿದರು. ‘ಇವತ್ತು ಆಪರೇಷನ್‌ಗೆ ಬಂದರೂ ನಾಳೆ ಕಿರಣಕ್ಕೆ ಬರ್ತಾರಾ? ವರ್ಷಗಟ್ಟಲೆ ಮಾತ್ರೆ ತಗೋತಾರಾ? ಹಾಲು ಕೆಟ್ಟಿದ್ದಕ್ಕೆ ಯಾರು ಸಿಸ್ಟರ್ ಅಷ್ಟೆಲ್ಲ ಮಾಡ್ತಾರೆ? ನೀವು ಹೇಳಿದ್ದನ್ನ ನೀವೇ ಹೋಗಿ ಸರಿ ಮಾಡಿ.’

ಆ ದಿನ ತಿಕೋಟಾಕ್ಕೆ ಹೋದಷ್ಟು ಭಾರವಾದ ಕಾಲಿನಿಂದ ನಾನು ಎಲ್ಲಿಗೂ ಹೋಗಿಲ್ಲ. ಹುಡುಗಿಯರೇ, ನಿಮಗೆ ಹೇಳುತ್ತೇನೆ, ನನಗೆ ಭಯವಾಗಿತ್ತು. ಒಂದು ಕೈಯಲ್ಲಿ ಕ್ಯಾನ್ಸರ್ ಕೊಟ್ಟು ಇನ್ನೊಂದು ಕೈಯಲ್ಲಿ ಮಗಳ ಹಾಲನ್ನು ಕಸಿದುಕೊಳ್ಳಲು ಹೊರಟಿದ್ದೆ. ಆಕೆ ನನ್ನನ್ನು ಅಂಗಳದಿಂದ ಅಟ್ಟುತ್ತಾಳೆ, ಇಲ್ಲವೇ ಅಲ್ಲೇ ಕುಸಿದು ಬೀಳುತ್ತಾಳೆ ಎಂದುಕೊಂಡಿದ್ದೆ.

ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಲ್ಲಪ್ಪ ಹೊರಗೆ ಕಟ್ಟೆಯ ಮೇಲಿದ್ದ. ನಾನು ಎದುರು ನೆಲದ ಮೇಲೆ ಕುಳಿತೆ.

‘ನೀಲವ್ವಾ, ನಾ ನಿಮಗ ಸುಳ್ಳ ಹೇಳೀನಿ. ತಪ್ಪಾತು. ಅದು ಹಾಲಲ್ಲ.’

ಮೊರ ನಿಂತಿತು.

‘ಸೂಜಿಲೆ ತಗದದ್ದನ್ನ ಗಾಜಿನ ಮ್ಯಾಲ ಇಟ್ಟ ದುರ್ಬೀನಿನ್ಯಾಗ ನೋಡ್ಯಾರ. ಅದು ಕ್ಯಾನ್ಸರ್ ಗಂಟು. ಈಗ ಸಣ್ಣದೈತಿ, ತಗದ ಔಷಧ ಮಾಡಿದ್ರ ಆರಾಮ ಆಗೂದಕ್ಕ ದಾರಿ ಐತಿ. ಬಿಟ್ರ ಬೆಳೀತೈತಿ, ನಿಮ್ಮ ಜೀವಾ ತಗೀತೈತಿ.’

‘ಹಾಲಲ್ಲಾ?’

‘ಅಲ್ಲ.’

‘ಛಲೋ ನೋಡ್ಯಾರೇನ್ರಿ? ಒಂದ ಹನಿನೂ ಇಲ್ಲಾ?’

‘ಒಂದ ಹನಿನೂ ಇಲ್ಲ ಯವ್ವಾ. ಇರಲೇ ಇಲ್ಲ.’

ಆಕೆ ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದಳೆಂದರೆ ನಾನು ಕಣ್ಣು ಕೆಳಗೆ ಹಾಕಿದೆ. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸುವ ಸದ್ದು ಕೇಳಿತು.

‘ಹಂಗಾರ ಕುಡದಾಳ,’ ಎಂದಳು.

ತಲೆ ಎತ್ತಿದೆ. ಅವಳ ಮುಖದ ಮೇಲೆ ಧಾರಾಕಾರ ನೀರು, ಆದರೆ ನಾನು ಹೆದರಿದ ಅಳು ಅದಲ್ಲ. ಎದ್ದು ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ‘ಕೇಳಿದ್ರೇನ? ಕುಡದಾಳಂತ. ಒಂದ ಹನಿ ಉಳಸಿಲ್ಲಂತ. ಹೊಟ್ಟಿ ತುಂಬ ಕುಡದ ಮಲಗ್ಯಾಳ ನನ್ನ ಕೂಸು!’

ಮಲ್ಲಪ್ಪ ಕಟ್ಟೆಯಿಂದ ಏಳಲು ಹೋಗಿ ಮತ್ತೆ ಕುಳಿತ. ತಲೆಯ ಪಟಕಾ ಬಿಚ್ಚಿ ಅದರಲ್ಲಿ ಮುಖ ಮುಚ್ಚಿಕೊಂಡ. ಇಪ್ಪತ್ತಾರು ವರ್ಷ ಅವನೂ ಅದನ್ನೇ ಕೇಳಿಕೊಳ್ಳುತ್ತಿದ್ದನೆಂದು ನನಗೆ ಆಗ ತಿಳಿಯಿತು. ನಾನೂ ಅತ್ತೆ, ಮುಚ್ಚಿಡುವುದೇನು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ‘ಆಪರೇಷನ್ನಕ್ಕ ಯಾವತ್ತ ಬರಬೇಕ್ರಿ ಬಾಯಾರ?’ ಎಂದಳು. ಅವಳು ಹಾಗೆ ಕೇಳಿ ನಾಲ್ಕು ವರ್ಷವಾಯಿತು. ಈ ಹಂಗಾಮಿನಲ್ಲೂ ಶೆಡ್ಡಿಗೆ ಹೋಗಿ ದ್ರಾಕ್ಷಿ ಆರಿಸುತ್ತಿದ್ದಾಳೆ.